ಸುರುಳಿ ಕೂರದ ಕೈ

ಎಂಟು ತಿಂಗಳಲ್ಲಿ ತನುಜಾ ಮೂವತ್ತೊಂದು ಅಚ್ಚು ಸೋಪು ಮಾಡಿದ್ದಳು. ಒಂದರಲ್ಲೂ ಸುರುಳಿ ಮೂಡಿರಲಿಲ್ಲ.

ಸೋಪೇನೋ ಸೋಪೇ. ಕೊಳೆ ಹೋಗುತ್ತಿತ್ತು, ನೊರೆ ಬರುತ್ತಿತ್ತು. ಭದ್ರಾವತಿಯ ಹಳೇ ಊರಿನ ಅವಳ ಮನೆಯ ಬಚ್ಚಲಲ್ಲಿ ಆ ತುಂಡುಗಳು ಸಾಲುಗಟ್ಟಿ ಕೂತಿದ್ದವು. ಆದರೆ ಬಿಳಿಯ ಮೈಯೊಳಗೆ ಕೆಮ್ಮಣ್ಣಿನ ಬಣ್ಣ ಊದುಬತ್ತಿಯ ಹೊಗೆಯಂತೆ ಸುತ್ತಿಕೊಂಡು ನಿಲ್ಲಬೇಕಾದಲ್ಲಿ, ಉಪ್ಪಿಟ್ಟಿನೊಳಗಿನ ಕ್ಯಾರೆಟ್ ಚೂರುಗಳ ಹಾಗೆ ಕೆಂಪು ಗಂಟುಗಳು.

ಕಲಿಸುತ್ತಿದ್ದವಳು ಶಿವಮೊಗ್ಗ ರವೀಂದ್ರನಗರದ ಸಂಧ್ಯಾ. ಎರಡು ಸಾವಿರದ ನಾಲ್ಕರಲ್ಲಿ ಕೈಯಲ್ಲಿ ಮಾಡಿದ ಸೋಪು ಊರಿಗೆ ಹೊಸದು. ಮದುವೆಯಲ್ಲಿ ತಾಂಬೂಲದ ಜೊತೆ ಕೊಡಲು ಜನ ಸಂಧ್ಯಾಳ ಸುರುಳಿ ಸೋಪನ್ನು ಕೇಳಿಕೊಂಡು ಬರುತ್ತಿದ್ದರು. ಅವಳಿಗೆ ಕಾಸ್ಟಿಕ್ ಸೋಡಾ ಎಂದರೆ ಮಾತ್ರ ಜೀವಭಯ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ತನುಜಾ ಅದನ್ನು ಗ್ರಾಮಿನ ಲೆಕ್ಕಕ್ಕೆ ತೂಗಿ, ನೀರಲ್ಲಿ ಕರಗಿಸಿ, ಎಣ್ಣೆಗೆ ಬೆರೆಸಿ ಕೊಡುತ್ತಿದ್ದಳು. ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಹೋಗಿ ಬರುವ ಅವಳಿಗೆ ಸಂಧ್ಯಾ ತಟ್ಟೆಯಲ್ಲಿ ಅನ್ನ ಎತ್ತಿಡುತ್ತಿದ್ದಳು, ಜಡೆಗೆ ಹೂವು ಮುಡಿಸುತ್ತಿದ್ದಳು. "ನೀನು ಹೋದ್ರೆ ಈ ಭೂತನ ಯಾರೇ ತೂಗ್ತಾರೆ?" ಎಂದು ನಗುತ್ತಿದ್ದಳು. ಅಕ್ಕತಂಗಿಯರಿಲ್ಲದ ತನುಜಾಳಿಗೆ ಆ ನಗು ಸಾಕಿತ್ತು.

ಕಲಸಿದ ಸೋಪಿನ ಹಿಟ್ಟು ದೋಸೆಯ ಹದಕ್ಕೆ ಬಂದಾಗ ಅದನ್ನು ಎರಡು ಪಾಲು ಮಾಡಿ, ಒಂದಕ್ಕೆ ಬಣ್ಣ ಕಲಸಿ, ಎರಡನ್ನೂ ಅಚ್ಚಿಗೆ ಸುರಿದು, ಸ್ವೆಟರ್ ಹೆಣೆಯುವ ಕಡ್ಡಿಯಿಂದ ಎಂಟರ ಆಕಾರದಲ್ಲಿ ಎಳೆಯಬೇಕು. ಸಂಧ್ಯಾ ಎಳೆದರೆ ಬಣ್ಣ ನೀರಿನಂತೆ ಕಡ್ಡಿಯ ಹಿಂದೆ ಬರುತ್ತಿತ್ತು. ತನುಜಾ ಕಡ್ಡಿ ಇಳಿಸುವಷ್ಟರಲ್ಲಿ ಹಿಟ್ಟು ಗಡ್ಡೆಯಾಗಿರುತ್ತಿತ್ತು.

"ಕೈಗುಣ ಕಣೇ ಮಾರಾಯ್ತಿ," ಎಂದಿದ್ದಳು ಸಂಧ್ಯಾ ಒಂದು ದಿನ, ಅವಳ ಅಂಗೈಯನ್ನು ತನ್ನ ಕೈಯೊಳಗಿಟ್ಟುಕೊಂಡು. "ಕೆಲವರು ಉಪ್ಪಿನಕಾಯಿ ಭರಣಿಗೆ ಕೈ ಹಾಕಿದ್ರೆ ಮೂರೇ ದಿನಕ್ಕೆ ಬೂಷ್ಟು ಬರುತ್ತೆ. ಅದು ಅವ್ರ ತಪ್ಪಾ? ನಿನ್ನ ಕೈ ಬಿಸಿ. ತೂಗೋದು, ಕಲಸೋದು ನಿಂಗೆ ಒಲಿದಿದೆ. ಸುರುಳಿ ನಾನು ನೋಡ್ಕೋತೀನಿ, ಬಿಡು."

ತನುಜಾ ನಕ್ಕಿದ್ದಳು. ಆದರೆ ಆ ವಾರದಿಂದ ಮನೆಯ ಉಪ್ಪಿನಕಾಯಿ ಭರಣಿಯನ್ನು ಮುಟ್ಟಲಿಲ್ಲ. "ಏನೇ, ಭರಣಿಗೂ ನಿಂಗೂ ಮಾತು ಬಿಟ್ಟಿದ್ಯಾ?" ಎಂದು ತಾಯಿ ಬಸವರಾಜೇಶ್ವರಿ ಕೇಳಿದರೆ ಎದ್ದುಹೋಗುತ್ತಿದ್ದಳು.

ಅಭ್ಯಾಸ ಬಿಡಲಿಲ್ಲ. ಬಣ್ಣ ಬದಲಿಸಿದಳು, ಕಡ್ಡಿ ಬದಲಿಸಿದಳು, ಎಣ್ಣೆ ತಣಿಸಿ ನೋಡಿದಳು, ಬೆಳಗಿನ ತಂಪಿನಲ್ಲಿ ಮಾಡಿ ನೋಡಿದಳು. ಬದಲಿಸದೆ ಉಳಿದದ್ದು ಒಂದೇ. ಬಣ್ಣ ಕಲಸುವ ಮೊದಲು ಹಾಕಬೇಕೆಂದು ಸಂಧ್ಯಾ ಕೊಟ್ಟಿದ್ದ ಲವಂಗದ ಎಣ್ಣೆಯ ಸಣ್ಣ ಬಾಟಲಿ. "ಗಂಧದ ಸೆಂಟು ಗಿರಾಕಿಗೆ ಇರ್ಲಿ. ಕಲಿಯೋಕೆ ಇದೇ ಸಾಕು," ಎಂದು ಕೊಟ್ಟಿದ್ದು. ಮುಗಿದಾಗಲೆಲ್ಲ ಅವಳೇ ತುಂಬಿಸಿ ಕೊಡುತ್ತಿದ್ದಳು. ಸಂಧ್ಯಕ್ಕ ಕೊಟ್ಟದ್ದನ್ನು ಅನುಮಾನಿಸಬೇಕೆಂದು ತನುಜಾಳಿಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಭದ್ರಾವತಿಯ ನ್ಯೂಟೌನಿನಲ್ಲಿ ಹೆಂಗಸರ ತರಬೇತಿ ಕೇಂದ್ರವೊಂದು ಸೋಪು ಕಲಿಸುವವರನ್ನು ಹುಡುಕುತ್ತಿದೆ ಎಂಬ ಸುದ್ದಿ ಬಂತು. ಮಂಗಳವಾರ ಅವರೆದುರು ಸುರುಳಿ ಸೋಪು ಮಾಡಿ ತೋರಿಸಬೇಕು. ಮನೆಯಿಂದ ನಡೆದುಹೋಗುವಷ್ಟು ದೂರ, ತನ್ನದೇ ಎನ್ನುವ ಒಂದು ಕೆಲಸ. ತನುಜಾ ಸಂಧ್ಯಾಳಿಗೆ ಹೇಳಿಯೇ ಅರ್ಜಿ ಹಾಕಿದಳು.

ಭಾನುವಾರ ಕೊನೆಯ ಬಾರಿ ಅಭ್ಯಾಸಕ್ಕೆ ಕೂತಾಗ ಬಾಟಲಿಯನ್ನು ಶಿವಮೊಗ್ಗದಲ್ಲೇ ಮರೆತದ್ದು ಗೊತ್ತಾಯಿತು. ವಾಸನೆ ಇಲ್ಲದಿದ್ದರೂ ಇರಲಿ ಎಂದು ಮಾಡಿದಳು. ಹಿಟ್ಟು ಮೊಸರಿನಂತೆ ಸಡಿಲವಾಗಿಯೇ ನಿಂತಿತ್ತು. ಕಡ್ಡಿ ಇಳಿಸಿದಳು. ಬಣ್ಣ ಹಿಂದೆ ಬಂತು.

ಮಾರನೆಯ ಬೆಳಿಗ್ಗೆ ಕೊಯ್ದಾಗ ಒಳಗೆ ಕೆಂಪು ಸುರುಳಿ, ಎಳೆಯೆಳೆಯಾಗಿ, ತುಂಡಿನಿಂದ ತುಂಡಿಗೆ ಬೇರೆಬೇರೆಯಾಗಿ. ತನುಜಾ ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗಿದ್ದದ್ದು ಒಂದೇ ಯೋಚನೆ: ಲವಂಗದ ಎಣ್ಣೆಗೆ ಹಿಟ್ಟು ಗಡ್ಡೆಯಾಗುತ್ತದೆ ಅಂತ ಪಾಪ ಸಂಧ್ಯಕ್ಕನಿಗೆ ಗೊತ್ತಿಲ್ಲ, ಹೇಳಬೇಕು.

ಸಂಧ್ಯಾ ಮನೆಯಲ್ಲಿರಲಿಲ್ಲ. ಅವಳ ಅತ್ತೆ ಹೂವಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ದುರ್ಗಿಗುಡಿ ಪೇಟೆಗೆ ಹೋಗವ್ಳೆ, ಕೂತ್ಕೋ. ಏನ್ ಮುಖ ಅರಳಿದೆ ಇವತ್ತು?"

"ಅಮ್ಮಾ, ಲವಂಗದ ಎಣ್ಣೆ ಹಾಕಿದ್ರೆ ಸುರುಳಿ ಕೂರಲ್ಲ, ನಂಗೆ ಗೊತ್ತಾಯ್ತು!"

ಹೂವಮ್ಮ ಗಟ್ಟಿಯಾಗಿ ನಕ್ಕರು. "ಅಯ್ಯೋ ಹುಚ್ಚಿ, ಇದನ್ನ ಕಂಡುಹಿಡಿಯೋಕೆ ಬಿ.ಎಸ್ಸಿ. ಮಾಡ್ಬೇಕಿತ್ತಾ? ಮೊದಲನೇ ವರ್ಷ ನಮ್ಮ ಸಂಧ್ಯಾ ಲವಂಗ ಹಾಕಿ, ಪಾತ್ರೆಗೆ ಪಾತ್ರೆನೇ ಕಲ್ಲಾಗಿ, ಸೌಟು ಒಳಗೇ ನಿಂತ್ಬಿಟ್ಟಿತ್ತು. ನಮ್ಮ ಯಜಮಾನ್ರು, ಸೊಸೆ ಲಿಂಗ ಪ್ರತಿಷ್ಠೆ ಮಾಡ್ಬಿಟ್ಳು ಅಂತ ವಾರಗಟ್ಲೆ ರೇಗಿಸಿದ್ರು. ಅವತ್ತಿಂದ ಸುರುಳಿ ಸೋಪಿನ ಹತ್ರಕ್ಕೂ ಲವಂಗ ಸೇರಿಸಲ್ಲ ಅವ್ಳು. ನಿಂಗೆ ಹೇಳಿಲ್ವಾ?"

ತನುಜಾ ಪೇಪರಿನ ಪೊಟ್ಟಣವನ್ನು ಚೀಲದ ತಳಕ್ಕೆ ತಳ್ಳಿದಳು. ಮೂವತ್ತೊಂದು, ಎಂದುಕೊಂಡಳು. ಮೂವತ್ತೊಂದು ಸಲವೂ ಸಂಧ್ಯಕ್ಕನಿಗೆ ಗೊತ್ತಿತ್ತು.

ಸಂಧ್ಯಾ ಬಂದಳು, ಕಂಕುಳಲ್ಲಿ ಬಣ್ಣದ ಕಾಗದದ ಸುರುಳಿಗಳು. "ಬಂದ್ಯಾ? ನಾಳೆ ಅಲ್ವೇನೇ? ಊಟ ಮಾಡು ಮೊದಲು."

ಕೇಳಬಾರದು ಎಂದುಕೊಂಡರೂ ತನುಜಾ ಕೇಳಿದಳು. ಇನ್ನೂ ಒಂದು ಬಾಗಿಲು ತೆರೆದಿಟ್ಟವಳ ಹಾಗೆ, ಮೆಲ್ಲಗೆ. "ಸಂಧ್ಯಕ್ಕ, ನಾಳೆ ಲವಂಗದ ಎಣ್ಣೆ ಹಾಕ್ಲಾ, ಬೇಡ್ವಾ?"

ಸಂಧ್ಯಾ ಕಾಗದಕ್ಕೆ ಕಟ್ಟಿದ ದಾರದ ಗಂಟು ಬಿಚ್ಚುತ್ತಿದ್ದಳು. ಗಂಟು ಬಿಚ್ಚಿದ ಮೇಲೂ ಬೆರಳು ಅಲ್ಲೇ ಆಡುತ್ತಿತ್ತು.

"ಹಾಕ್ದೆ ಇದ್ರೆ ಹೇಗೆ? ಅವ್ರು ಮೊದಲು ಮೂಸೇ ನೋಡೋದು," ಎಂದಳು.

ಒಳಗೆ ಹೋಗಿ ಮರೆತಿದ್ದ ಬಾಟಲಿಯನ್ನು ತಂದಳು. ತುಂಬಿಸಿದ್ದಳು. ಸೆರಗಿನ ತುದಿಯಿಂದ ಒರೆಸಿ, ಮುಚ್ಚಳ ಬಿಗಿ ಮಾಡಿ, ಬಸ್ಸಿನಲ್ಲಿ ಸೋರದಿರಲೆಂದು ಹತ್ತಿ ಸುತ್ತಿ, ತನುಜಾಳ ಚೀಲದಲ್ಲಿ ತಾನೇ ಇಟ್ಟಳು. ಎಷ್ಟು ಜೋಪಾನವಾಗಿ ಇಟ್ಟಳೆಂದರೆ, ತನುಜಾಳಿಗೆ ಆ ಕೈಯನ್ನು ನೋಡಲಾಗಲಿಲ್ಲ. ತನುಜಾ ಕೇಂದ್ರಕ್ಕೆ ಸೇರಿದರೆ ಇಲ್ಲಿ ಕಾಸ್ಟಿಕ್ ತೂಗುವವರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ತನುಜಾ ಊಟ ಮಾಡದೆ ಬಸ್ಸಿಗೆ ಹೊರಟಳು.

ಮಂಗಳವಾರ ಕೇಂದ್ರದ ಅಧ್ಯಕ್ಷೆ ಶಕುಂತಲಮ್ಮನವರ ಎದುರು ತನುಜಾ ಬಾಟಲಿಯನ್ನು ಮೇಜಿನ ಮೇಲಿಟ್ಟಳು, ಹತ್ತಿ ಬಿಚ್ಚಲಿಲ್ಲ.

"ಸೆಂಟು ಹಾಕಲ್ವೇನಮ್ಮ?"

"ಇದಕ್ಕೆ ಬೇಡ ಮೇಡಂ."

ಬುಧವಾರ ಕೊಯ್ದ ತುಂಡುಗಳು ಕೈಯಿಂದ ಕೈಗೆ ಹೋದವು. ಶಕುಂತಲಮ್ಮ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅಲ್ಲಮ್ಮ, ನಿಮ್ಮ ರವೀಂದ್ರನಗರದ ಸಂಧ್ಯಾ ಅವ್ರಿಗೆ ಫೋನ್ ಮಾಡಿ ವಿಚಾರಿಸಿದ್ರೆ, ಹುಡುಗಿ ಚಿನ್ನ, ಕೈಗುಣ ಮಾತ್ರ ಇಲ್ಲ ಅಂದ್ರು! ಯಾರು ಕಲಿಸಿದ್ದು ಇದನ್ನ?"

ತನುಜಾ ಸೋಪು ಕೊಯ್ದ ಚಾಕುವನ್ನು ಒರೆಸಿ ಕೆಳಗಿಟ್ಟಳು.

"ಅವ್ರೇ," ಎಂದಳು.

ಸೋಮವಾರದಿಂದ ಬರಲು ಹೇಳಿದರು. ಮನೆಯಲ್ಲಿ ಬಸವರಾಜೇಶ್ವರಿ ಬಿಸಿ ಅನ್ನ ಬಡಿಸುತ್ತಾ, "ಇಪ್ಪತ್ತು ಜನಕ್ಕೆ ಕಲಿಸೋಳು ನೀನು. ಇವತ್ತಾದ್ರೂ ಎದ್ದು ಭರಣಿಯಿಂದ ಎರಡು ಹೋಳು ತೆಗಿ ನೋಡೋಣ," ಎಂದರು.

ತನುಜಾ ಎದ್ದಳು. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು, ಮರದ ಸೌಟು ಹಿಡಿದಳು. ತಪ್ಪು ಲವಂಗದ್ದು, ಕೈಯದಲ್ಲ. ಅದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಆದರೂ ಸೌಟು ಭರಣಿಯ ಅಂಚಿನ ಮೇಲೆಯೇ ನಿಂತಿತು, ಒಳಗೆ ಇಳಿಯಲಿಲ್ಲ.

"ಅಮ್ಮಾ," ಎಂದಳು, "ನೀನೇ ತೆಗಿ."