ನವಿಲಾಗದ ತಗಡು

ಶಿವಾಜಿನಗರದ ಗಲ್ಲಿಯೊಂದರಲ್ಲಿ ಹಾಶಿಮ್ ಸಾಹೇಬರ ಟಿಂಕರ್ ಅಂಗಡಿಯಿತ್ತು. ಗುದ್ದಿಸಿಕೊಂಡು ನೆಗ್ಗಿದ ಕಾರಿನ ಬಾಗಿಲು, ಬಾನೆಟ್‌ಗಳನ್ನು ಬಡಿದು ಮೊದಲಿನಂತೆ ನುಣುಪು ಮಾಡುವುದು ಅವರ ಕಸುಬು. ಮಗಳು ಅಂಬ್ರೀನ್ ಸ್ಕೂಲಿನಿಂದ ಬಂದವಳೇ ಅಲ್ಲಿಯೇ ಕೂತು ಓದಿಕೊಳ್ಳುತ್ತಿದ್ದಳು. ಅಬ್ಬಾ ತಗಡಿನ ಮೇಲೆ ಬಟ್ಟೆಯ ಚೂರು ಹಾಸಿ, ಅದರ ಮೇಲೆ ಅಂಗೈ ಸವರುತ್ತ ಕಣ್ಣಿಗೆ ಕಾಣದ ಉಬ್ಬುತಗ್ಗುಗಳನ್ನು ಹುಡುಕುತ್ತಿದ್ದರು. ಒಮ್ಮೆ ಮಗಳ ಕೈಯನ್ನೂ ಹಿಡಿದು ಹಾಗೇ ಸವರಿಸಿದರು. ಏಟು ಬಿದ್ದದ್ದು ಒಂದೇ ಕಡೆಯಾದರೂ ಅದರ ಅಲೆ ತಗಡಿನುದ್ದಕ್ಕೂ ಹರಿದಿರುವುದು ಹುಡುಗಿಯ ಅಂಗೈಗೆ ಗೊತ್ತಾಯಿತು. ಅಂದಿನಿಂದ ಅಬ್ಬಾ ಯಾವುದಾದರೂ ಬಾಗಿಲನ್ನು ಬಡಿದು ಸರಿಮಾಡಿದಾಗಲೆಲ್ಲ ಚೆಂದದ್ದೇನನ್ನೋ ಅಳಿಸಿಬಿಟ್ಟರಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

"ಹೆಣ್ಣುಮಗೂಗೆ ಸುತ್ತಿಗೆ ಯಾಕೆ ಕೊಡ್ತೀರಿ?" ಎಂದು ಅಮ್ಮ ಹಮೀದಾ ಬೈದದ್ದಕ್ಕೆ ಲೆಕ್ಕವಿಲ್ಲ. ಬೈಗುಳದ ನಡುವೆಯೇ ಅಂಬ್ರೀನ್ ವೆಲ್ಡಿಂಗ್ ಕಲಿತಳು, ಕಲಾಶಾಲೆಯನ್ನೂ ಮುಗಿಸಿದಳು. ಕೆ.ಆರ್. ಪುರದಲ್ಲಿ ರೈಲು ಹಳಿಗೆ ಹತ್ತಿರದ ಒಂದು ಶೆಡ್ ಹಿಡಿದು, ಇಂದಿರಾನಗರದ ಹೋಟೆಲುಗಳಿಗೆ ನಟ್ಟು-ಬೋಲ್ಟಿನ ಗೂಬೆ, ಚೈನಿನ ಕುದುರೆ, ಸೈಲೆನ್ಸರಿನ ಗಿಟಾರು ಮಾಡಿಕೊಟ್ಟಳು. ಒಳ್ಳೆಯ ಹೆಸರೂ ಬಂತು. ಆದರೆ ಒಂದು ಮಧ್ಯಾಹ್ನ ಇನ್ನೊಂದು ಗೂಬೆಗೆ ಬೇರಿಂಗಿನ ಕಣ್ಣು ಕೂರಿಸುತ್ತಿದ್ದಾಗ ಅವಳ ಕೈ ನಿಂತುಹೋಯಿತು. ಜನ ಗೂಬೆಯನ್ನು ಗುರುತಿಸಿ ನಕ್ಕು ಮುಂದಕ್ಕೆ ಹೋಗುತ್ತಾರೆ. ತಗಡನ್ನು ಯಾರೂ ನೋಡುವುದೇ ಇಲ್ಲ. ಇನ್ನು ಮೇಲೆ ಯಾವ ಪ್ರಾಣಿಯನ್ನೂ ಮಾಡುವುದಿಲ್ಲ ಎಂದು ನಿರ್ಧರಿಸಿ, ಅರ್ಧ ಮಾಡಿದ್ದ ಗೂಬೆಯನ್ನು ಬಿಚ್ಚಿಹಾಕಿದಳು.

ಹೊರಮಾವಿನ ಅಪಾರ್ಟ್‌ಮೆಂಟೊಂದು ತನ್ನ ಅಂಗಳಕ್ಕೆ ಲೋಹದ ಶಿಲ್ಪ ಬೇಕೆಂದದ್ದು ಅದಾದ ಮೇಲೆ. ಅಲ್ಲಿನ ಕಾರ್ಯದರ್ಶಿ ವಿರೂಪಾಕ್ಷ ಗದಗಿನ ಕಡೆಯವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ" ಎಂದು ಬಿಟ್ಟುಕೊಟ್ಟಿದ್ದರು. ಅಂಬ್ರೀನ್ ಕಾಗದದ ಮೇಲೆ ಏನನ್ನೂ ಬರೆದುಕೊಳ್ಳಲಿಲ್ಲ. ಗುಜರಿಯಲ್ಲಿ ಅಂಗೈ ಸವರಿ ಸವರಿ ನೆಗ್ಗಿದ ಬಾನೆಟ್‌ಗಳನ್ನೇ ಆರಿಸಿ ತಂದಳು. ಕೆಂಪಗೆ ಕಾಯಿಸಿ, ಅವು ಎತ್ತ ಬಾಗುತ್ತವೋ ಅತ್ತ ಬಾಗಲು ಬಿಟ್ಟು, ಒಂದರ ಅಲೆ ಇನ್ನೊಂದಕ್ಕೆ ಹರಿಯುವಂತೆ ಬೆಸೆದಳು. ಎರಡಾಳೆತ್ತರದ ಆಕೃತಿ ಎದ್ದು ನಿಂತಿತು.

ಅದನ್ನು ಅಂಗಳದಲ್ಲಿ ನಿಲ್ಲಿಸಿದ ಬೆಳಿಗ್ಗೆ ಜನ ಸುತ್ತುಗಟ್ಟಿದರು. "ಆಕ್ಸಿಡೆಂಟ್ ಆದ ಕಾರು ತಂದು ನಿಲ್ಸಿದ್ದಾರೇನ್ರೀ?" ಎಂದರು ಒಬ್ಬರು. ನಗು ಹಬ್ಬಿತು. ವಿರೂಪಾಕ್ಷ ಅವಳನ್ನು ಪಕ್ಕಕ್ಕೆ ಕರೆದರು.

"ಮೇಡಂ, ಸಿಟ್ಟಾಗಬ್ಯಾಡ್ರಿ. ಮ್ಯಾಲೊಂದು ಕೊಕ್ಕು, ಹಿಂದ ಒಂದಿಷ್ಟು ಗರಿ ಹಚ್ಚಿಬಿಡ್ರಿ. ನವಿಲು ಅಂತ ಹೇಳಿದ್ರ ಎಲ್ಲಾರೂ ಒಪ್ಕೋತಾರ."

"ಇದು ನವಿಲಲ್ಲ ಸರ್."

"ಮತ್ತೇನದು?"

"ಏಟು ತಿಂದ ತಗಡು. ಅದು ಬೇರೆ ಏನೂ ಆಗ್ಬೇಕಿಲ್ಲ." ಅವಳು ಗೇಟಿನ ಬಳಿ ನಿಂತಿದ್ದ ಲಾರಿಯ ಕಡೆ ಕೈ ತೋರಿಸಿದಳು. "ಬೇಡ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ. ಗರಿ ಮಾತ್ರ ಹಚ್ಚಲ್ಲ."

ಬಂದ ಲಾರಿಯಲ್ಲೇ ಅದು ಶೆಡ್ಡಿಗೆ ಮರಳಿತು.

ಎರಡು ದಿನ ಅವಳು ಅದರ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ಸಿಟ್ಟು ಇಳಿದ ಮೇಲೆ ಕಣ್ಣು ಮುಚ್ಚಿ ಅದರ ಸುತ್ತ ಕೈಯಾಡಿಸಿದಳು. ಗೇಟಿಗೆ ಎದುರಾಗಬೇಕಿದ್ದ ಮಗ್ಗುಲಿಗೆ ಬಂದಾಗ ಕೈ ಜಾರಿತು. ಅಲ್ಲಿ ಏರಿಲ್ಲ, ಇಳಿವಿಲ್ಲ. ಆ ಮಗ್ಗುಲನ್ನು ಗ್ರೈಂಡರ್ ಹಿಡಿದು ಉಜ್ಜಿ ಕನ್ನಡಿಯಂತೆ ಹೊಳೆಸಿದವಳು ತಾನೇ. ಅಪಾರ್ಟ್‌ಮೆಂಟಿನವರು ಏನಂದುಕೊಳ್ಳುತ್ತಾರೋ ಎಂಬ ಅಳುಕು ಮೊದಲೇ ಕೈಗೆ ಹತ್ತಿತ್ತು. ಜನ ನಕ್ಕದ್ದು ಪೂರ್ತಿ ತಪ್ಪಲ್ಲ. ಅದು ತಗಡೂ ಆಗಿರಲಿಲ್ಲ, ಅಲಂಕಾರವೂ ಆಗಿರಲಿಲ್ಲ.

ಗ್ಯಾಸ್ ಕಟ್ಟರ್ ಹೊತ್ತಿಸಿದಳು. ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ ಹಾಶಿಮ್ ದಿನವೂ ಶೆಡ್ಡಿಗೆ ಬರುತ್ತಿದ್ದರು. ಅಂದೂ ಅಲ್ಲೇ ಕೂತಿದ್ದವರು ಗಾಬರಿಯಿಂದ ಎದ್ದು ಬಂದರು.

"ನಿಂತಿರೋದನ್ನ ಯಾಕೆ ಕೆಡಿಸ್ತೀಯಾ ಬೇಟಿ?"

"ಅರ್ಧ ನಂದು, ಅರ್ಧ ಅವರೇನಂತಾರೋ ಅನ್ನೋ ಭಯದ್ದು ಅಬ್ಬಾ. ಆ ಅರ್ಧ ಹೋಗ್ಬೇಕು."

"ನಾನು ಜೀವಮಾನ ಎಲ್ಲ ನೆಗ್ಗಿದ್ದನ್ನ ಸರಿ ಮಾಡ್ದೆ. ನೀನು ಸರಿ ಇರೋದನ್ನ ನೆಗ್ಗಿಸ್ತೀಯಾ."

"ಹೌದು" ಎಂದಳು ಅಂಬ್ರೀನ್. ಹಾಶಿಮ್ ತಲೆಯಾಡಿಸಿದರು. ಒಪ್ಪಲಿಲ್ಲ, ಆದರೆ ಹೋಗಲೂ ಇಲ್ಲ. ಕೈಗವಸು ಹಾಕಿಕೊಂಡು ತಗಡಿನ ಒಂದು ತುದಿ ಹಿಡಿದರು.

ಹೊಳೆಸಿದ ಮಗ್ಗುಲನ್ನು ಕತ್ತರಿಸಿ ಆ ಜಾಗಕ್ಕೆ ನೆಗ್ಗಿದ ಬೇರೆ ಬಾನೆಟ್ ಬೆಸೆಯುವ ಕೆಲಸ ಸಲೀಸಾಗಿ ಸಾಗಲಿಲ್ಲ. ಕಾವಿಗೆ ಇಡೀ ಆಕೃತಿ ತಿರುಚಿಕೊಂಡು ನಡುವಿನ ಬೆಸುಗೆ ಸೀಳಿತು. ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ಸೀಳಿತು. ಮುಂಗೈಯ ಮೇಲೆ ಸುಟ್ಟ ಬೊಬ್ಬೆ ಎದ್ದರೂ ಪಟ್ಟು ಬಿಡಲಿಲ್ಲ. ಕೊನೆಗೆ ಆ ಸೀಳನ್ನು ಮುಚ್ಚುವ ಹಟವನ್ನೇ ಕೈಬಿಟ್ಟು, ಒಳಗಿನಿಂದ ಕಂಬಿ ಕೊಟ್ಟು, ಅದನ್ನು ತೆರೆದೇ ಇಟ್ಟಳು. ಆ ಸಂದಿನಿಂದ ಬಂದ ಬೆಳಕು ತಗಡಿನ ಒಂದೊಂದು ತಗ್ಗಿಗೂ ಇಳಿಯಿತು. ಆ ಸಂಜೆ ಅಂಬ್ರೀನ್ ಸುತ್ತಿಗೆ ಕೆಳಗಿಟ್ಟು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹಾಶಿಮ್ ಚಹಾ ತರಲು ಹೊರಟರು.

ಹಲಸೂರಿನಲ್ಲಿ ಕಲಾ ಗ್ಯಾಲರಿ ನಡೆಸುತ್ತಿದ್ದ ಶೀತಲ್ ಸುದ್ದಿ ಕೇಳಿ ಬಂದು, ಸೀಳಿನೊಳಗೆ ಇಣುಕಿ ನೋಡಿದಳು. "ನಮ್ಮ ಅಂಗಳದಲ್ಲಿ ಇಡೋಣ" ಎಂದಳು ಅಷ್ಟೆ.

ಪ್ರದರ್ಶನದ ಮೊದಲ ಭಾನುವಾರವೇ ವಿರೂಪಾಕ್ಷ ಒಬ್ಬರೇ ಬಂದರು. ಆಕೃತಿಯನ್ನು ಸುತ್ತಿ ಸುತ್ತಿ ನೋಡಿ, ಆಮೇಲೆ ಅವಳ ಬಳಿ ಬಂದು ನಿಂತರು.

"ಮೇಡಂ, ನನಗ ಈಗೂ ತಿಳೀವಲ್ದು. ಆದ್ರ ಕಣ್ಣು ತಗೀಲಿಕ್ಕೂ ಆಗವಲ್ದು. ನಮ್ಮಲ್ಲಿಗೇ ಕೊಡ್ತೀರೇನು?"

"ಇದು ಇಲ್ಲೇ ಇರಲಿ ಸರ್. ಬೇಕಂದ್ರೆ ಬೇರೆ ಮಾಡ್ತೀನಿ. ಆದ್ರೆ ಮಾಡ್ತಿರೋವಾಗ್ಲೇ ಶೆಡ್ಡಿಗೆ ಬಂದು ನೋಡ್ಬೇಕು."

"ಕಮಿಟಿಯವರು ಒಪ್ತಾರೋ ಇಲ್ಲೋ ಗೊತ್ತಿಲ್ರಿ. ನಾನಂತೂ ಬರ್ತೀನಿ."

ಕಮಿಟಿ ಒಪ್ಪುವವರೆಗೆ ಅಂಬ್ರೀನ್ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳುತ್ತ, ಯಾವುದೋ ಬಸ್ಸಿನ ಜಜ್ಜಿಹೋದ ಇಡೀ ಚಾವಣಿಯನ್ನು ಹೇರಿಕೊಂಡು ಒಂದು ಲಾರಿ ಶೆಡ್ಡಿನ ಮುಂದೆ ಬಂದು ನಿಂತಿತು.

"ಇದು ಒಳಗೆ ಹಿಡ್ಸಲ್ಲ" ಎಂದರು ಹಾಶಿಮ್.

"ಹಾಗಾದ್ರೆ ಗೋಡೆ ಒಡೀಬೇಕು ಅಬ್ಬಾ" ಎಂದಳು ಅಂಬ್ರೀನ್, ಶೆಡ್ಡಿನ ಓನರಿಗೆ ಫೋನ್ ಮಾಡುತ್ತ.