ಪಾಪಕ್ಕನಿಗೊಂದು ಕೈಮಾ ಮಿಷನ್

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಲೋಹಿತಾ ಟೀಚರ್ ಮನೆಗೆ ಹೋಗದೆ ಸೀದಾ ಮಧುಗಿರಿ ಬಸ್‌ಸ್ಟ್ಯಾಂಡಿಗೆ ನಡೆದು ಸಿರಾ ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು, ಆದರೆ ನೆಮ್ಮದಿಯಾಗಿ ಕೂರಲಾಗಲಿಲ್ಲ. ಫೋನ್ ತೆಗೆದು ನೋಡುವಳು, ಮತ್ತೆ ಬ್ಯಾಗಿಗೆ ಹಾಕುವಳು, ಬಡವನಹಳ್ಳಿ ಬಂದಾಗ ಇಳಿದು ವಾಪಸ್ ಹೋಗಿಬಿಡಲೇ ಎಂದೂ ಯೋಚಿಸಿದಳು. ಹೊರಟಿದ್ದು ಮಾಂಸ ಕೊಚ್ಚಿ ಕೈಮಾ ಮಾಡುವ ಮಿಷನ್ ತರಲು. ಹುಟ್ಟಿದಾಗಿನಿಂದ ಅವಳು ಮಾಂಸ ಮುಟ್ಟಿದವಳಲ್ಲ.

ಮಧುಗಿರಿಯ ಲಿಂಗಾಯತ ವ್ಯಾಪಾರಸ್ಥರ ಮನೆಯ ಮಗಳು ಲೋಹಿತಾ. ಕಾಲೇಜಿನಲ್ಲಿ ಜೊತೆಗೆ ಓದಿದ ದಲಿತರ ಹುಡುಗ ಸುರೇಶನನ್ನು ರಿಜಿಸ್ಟರ್ ಮದುವೆಯಾದ ಮೇಲೆ ತವರಿನ ಬಾಗಿಲು ಮುಚ್ಚಿಹೋಗಿತ್ತು. ತಾಯಿ ಕಮಲಾಕ್ಷಮ್ಮ ಮಾತ್ರ, ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಸುರೇಶನಿಗೆ ಪಾವಗಡದ ಬಲಸಮುದ್ರದ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ. ವಾರಕ್ಕೊಮ್ಮೆ ಬರುವನು. ಉಳಿದ ದಿನಗಳಲ್ಲಿ ಮನೆಯಲ್ಲಿ ಲೋಹಿತಾ ಮತ್ತು ಅತ್ತೆ ಪಾಪಕ್ಕ ಇಬ್ಬರೇ.

ಪಾಪಕ್ಕನ ಕೈಮಾ ಉಂಡೆ ಸಾರೆಂದರೆ ನೆಂಟರಲ್ಲೆಲ್ಲ ಹೆಸರು. ಅಂಗಡಿಯ ಕೈಮಾ ಅವಳು ಒಪ್ಪುತ್ತಿರಲಿಲ್ಲ, ಯಾವ ಚೂರುಪಾರು ಸೇರಿಸಿರುತ್ತಾರೋ ಎಂದು ಅನುಮಾನ. ತೊಡೆ ಮಾಂಸ ತರಿಸಿ, ಹುಣಸೆ ಕೊರಡಿನ ಮೇಲಿಟ್ಟು ಮಚ್ಚಿನಲ್ಲಿ ತಾನೇ ಕೊಚ್ಚುವಳು. ಸೊಸೆ ಬಂದ ಮೇಲೆ, ಯಾರೂ ಹೇಳದಿದ್ದರೂ, ಕೊರಡನ್ನೂ ಒಲೆಯನ್ನೂ ಹಿತ್ತಿಲಿಗೆ ಸಾಗಿಸಿಕೊಂಡಿದ್ದಳು. ಕಳೆದ ಮಳೆಗಾಲದಲ್ಲಿ ಅದೇ ಹಿತ್ತಿಲ ಪಾಚಿಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಮಚ್ಚು ಹಿಡಿದರೆ ಬೆರಳೆಲ್ಲ ಜೋಮು ಹಿಡಿಯುತ್ತಿತ್ತು. ಕೈಮಾ ನಿಂತಿತು. ಭಾನುವಾರದ ನೆಂಟರೂ ನಿಂತರು.

ಆಮೇಲೊಂದು ನಾಮಕರಣದ ಮನೆಯಲ್ಲಿ ಪಾಪಕ್ಕನ ಅಣ್ಣ, ಬಡವನಹಳ್ಳಿಯ ಗಂಗಾಧರಯ್ಯ, ಯಾರಿಗೋ ಹೇಳಿದ್ದು ಪಕ್ಕದ ಕೋಣೆಯಲ್ಲಿದ್ದ ಲೋಹಿತಾಳ ಕಿವಿಗೆ ಬಿತ್ತು. "ಸೊಸೆ ಬಂದ್ಮೇಲೆ ನಮ್ ಪಾಪಕ್ಕನ ಮನೆ ಮಠ ಆಗೋಯ್ತು ಕಣ್ಲಾ."

ಎಲ್ಲರೂ ನಕ್ಕರು. ತಮಾಷೆಯ ಮಾತೇ. ಆದರೂ ಅದು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅತ್ತೆ ಹಿತ್ತಿಲಿಗೆ ಹೋದದ್ದು ತನ್ನಿಂದ, ಬಿದ್ದದ್ದೂ ತನ್ನಿಂದ ಎಂದು ಲೆಕ್ಕ ಹಾಕುತ್ತ ಪಾಠದ ನಡುವೆಯೂ ಮೈಮರೆಯತೊಡಗಿದಳು. ಮೊದಲು ಆನ್‌ಲೈನಿನಲ್ಲಿ ಒಂದು ಪ್ಲಾಸ್ಟಿಕ್ಕಿನ ಮಿಷನ್ ತರಿಸಿದಳು. ಅತ್ತೆ ಎಡಗೈಯಲ್ಲಿ ಹಿಡಿ ತಿರುಗಿಸಿದರೆ ಮಿಷನ್ನೇ ಅಡುಗೆಕಟ್ಟೆಯ ಮೇಲೆಲ್ಲ ಓಡಾಡಿತು, ಮಾಂಸದ ನರ ಬ್ಲೇಡಿಗೆ ಸುತ್ತಿಕೊಂಡು ನಿಂತಿತು. ಬುಡು ಕಣಮ್ಮ, ಮಕ್ಕಳಾಡೋ ಸಾಮಾನು ಇದು ಎಂದು ಪಾಪಕ್ಕ ನಕ್ಕಳು. ಲೋಹಿತಾಳಿಗೆ ನಗು ಬರಲಿಲ್ಲ. ಮಧುಗಿರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾತ್ರೆ ಅಂಗಡಿ ಅವಳ ಚಿಕ್ಕಪ್ಪ ಪ್ರಭುದೇವನದು. ಮದುವೆಯಾದಾಗಿನಿಂದ ಅವನು ಅವಳನ್ನು ರಸ್ತೆಯಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದ. ಅದಕ್ಕೇ ಈ ಸಿರಾ ಪ್ರಯಾಣ.

ಸಿರಾದ ಅಂಗಡಿಯ ಸಾಬರು ಮೇಜಿನ ಮೇಲೆ ಮೂರು ನಮೂನೆ ಇಟ್ಟರು. ಕರೆಂಟಿನದನ್ನು ಚಾಲೂ ಮಾಡಿ ತೋರಿಸಿದಾಗ ಅದರ ಸದ್ದಿಗೆ ಲೋಹಿತಾ ಹಿಂದೆ ಸರಿದಳು. ಬೇಗ ಆಗುತ್ತದೆ, ಆದರೆ ಬಿಸಿಯಾದರೆ ಮಾಂಸ ಅಂಟಂಟಾಗುತ್ತದೆ ಎಂದು ಅವರೇ ಹೇಳಿದರು. ಕೈಮಾ ತರಿತರಿಯಾಗಿರಬೇಕು ಎಂಬುದು ಪಾಪಕ್ಕನ ಮಾತು. ಸ್ಟೀಲಿನದು ತುಕ್ಕು ಹಿಡಿಯದು, ಆದರೆ ಹಗುರ. ಕಬ್ಬಿಣದ್ದು ಗಟ್ಟಿ, ಕೆಳಗಿನ ಸ್ಕ್ರೂ ಕಟ್ಟೆಯ ಅಂಚನ್ನು ಕಚ್ಚಿ ಹಿಡಿಯುತ್ತದೆ, ತೊಳೆದ ಕೂಡಲೇ ಒರೆಸಿ ಎಣ್ಣೆ ಸವರಿದರೆ ಸಾಕು. ಅದೇ ಆಗಲಿ ಎಂದಳು.

"ಕಟ್ಟೆ ಎಷ್ಟು ದಪ್ಪ ಇದೆಯಮ್ಮ?" ಎಂದು ಸಾಬರು ಕೇಳಿದರು.

ಅವಳಿಗೆ ಗೊತ್ತಿರಲಿಲ್ಲ. ದಿನಾ ಕಾಫಿ ಕಾಯಿಸುವ ಕಟ್ಟೆ. ಫೋನ್ ಮಾಡಿದಳು. ಪಾಪಕ್ಕ ಅಳೆದು ನೋಡಿ, ಚಪ್ಪಡಿ ಕಲ್ಲಲ್ಲವಾ, ನಾಕು ಬೆರಳು ದಪ್ಪ ಐತೆ, ಯಾಕೆ ಎಂದಳು. ಸುಮ್ಮನೆ ಎಂದು ಲೋಹಿತಾ ಇಟ್ಟುಬಿಟ್ಟಳು. ಸಾಬರು ತಲೆಯಾಡಿಸಿದರು. ಇದರ ಸ್ಕ್ರೂವಿನ ಬಾಯಿ ಅಷ್ಟು ಅಗಲ ತೆರೆಯುವುದಿಲ್ಲ. ಹೋಟೆಲಿನವರು ಕೊಳ್ಳುವ ದೊಡ್ಡದು ಬೇಕು, ಅದು ಈ ಸುತ್ತಿನಲ್ಲಿ ಇರುವುದು ಮಧುಗಿರಿಯ ಮರುಳಸಿದ್ದಯ್ಯನವರ ಅಂಗಡಿಯಲ್ಲೇ ಎಂದರು. ಮರುಳಸಿದ್ದಯ್ಯ ಲೋಹಿತಾಳ ತಾತ. ಚಿಕ್ಕಪ್ಪನ ಅಂಗಡಿಯ ಬೋರ್ಡಿನಲ್ಲಿ ಇನ್ನೂ ಅವರದೇ ಹೆಸರು.

ವಾಪಸ್ ಬರುವ ದಾರಿಯುದ್ದಕ್ಕೂ ಬೇಡ, ಹೋಗುವುದು ಬೇಡ ಎಂದೇ ಅಂದುಕೊಂಡಳು. ಬಸ್ಸಿಳಿದ ಮೇಲೆ ಅಂಗಡಿಯ ಮುಂದೆ ಒಮ್ಮೆ ದಾಟಿ ಹೋದಳು, ತಿರುಗಿ ಬಂದಳು, ಮತ್ತೆ ದಾಟಿದಳು. ಕೊನೆಗೆ ತನ್ನ ಮೇಲೆ ತನಗೇ ಸಿಟ್ಟು ಬಂದು ಮೆಟ್ಟಿಲು ಹತ್ತಿದಳು.

ಗಲ್ಲಾದ ಹಿಂದಿದ್ದ ಪ್ರಭುದೇವ್ ತಲೆಯೆತ್ತಿ ನೋಡಿದ. ಗುರುತಿಲ್ಲದ ಗಿರಾಕಿಯನ್ನು ಕೇಳುವಂತೆ, "ಏನು ಬೇಕಿತ್ತು?" ಎಂದ.

"ಕೈಮಾ ಮಿಷನ್. ದಪ್ಪ ಕಟ್ಟೆಗೆ ಕಚ್ಚೋದು."

ಕುಕ್ಕರ್ ನೋಡುತ್ತಿದ್ದ ಹೆಂಗಸರಿಬ್ಬರು ಇತ್ತ ತಿರುಗಿದರು. ಪ್ರಭುದೇವ್ ಅಂಗಡಿಯ ಆಳನ್ನು ಕರೆಯಲಿಲ್ಲ. ತಾನೇ ಅಟ್ಟಕ್ಕೆ ಹತ್ತಿ, ಧೂಳು ಹಿಡಿದ ಭಾರದ ಪೆಟ್ಟಿಗೆ ಇಳಿಸಿ, ಮಿಷನ್ ಒರೆಸಿ ಮೇಜಿಗೆ ಬಿಗಿದ. ಮಾತೆಲ್ಲ ಮಿಷನ್ನಿನ ಕಡೆ ನೋಡಿಯೇ. ಕೈಮಾ ಇಳಿಯುವ ಬಿಲ್ಲೆ ದೊಡ್ಡ ತೂತಿನದೋ ಸಣ್ಣ ತೂತಿನದೋ ಎಂದ. ದೊಡ್ಡದು ಎಂದಳು. ತಿರುಗಿಸುವವರು ಯಾರು, ಕೈಯಲ್ಲಿ ಬಲ ಇದೆಯೋ ಎಂದ.

"ಅತ್ತೆ ಮಣಿಕಟ್ಟು ಸೊಟ್ಟ ಆಗಿದೆ. ನಾನೇ ತಿರುಗಿಸ್ತೀನಿ."

ಬಾಯಿಂದ ಬಂದ ಮೇಲೆಯೇ ಅವಳಿಗೂ ಅದು ಗೊತ್ತಾದದ್ದು. ಪ್ರಭುದೇವನ ಕೈ ನಿಂತಿತು.

"ನೀನಾ?"

"ಹೂಂ ಚಿಕ್ಕಪ್ಪ."

"ತಿಂತೀಯಾ?"

"ಇಲ್ಲ. ಅವರು ತಿಂತಾರೆ."

ಅವನು ಹಾಕಿದ್ದ ಹಿಡಿ ಬಿಚ್ಚಿ, ಒಳಗಿನಿಂದ ಉದ್ದನೆಯದೊಂದು ತಂದು ಹಾಕಿದ. ಇದಾದರೆ ಹಗುರವಾಗಿ ತಿರುಗುತ್ತದೆ ಎಂದು ಗೋಡೆಗೆ ಹೇಳಿದಂತೆ ಹೇಳಿ, ಕಟ್ಟಿಕೊಟ್ಟು, ಕುಕ್ಕರಿನ ಹೆಂಗಸರ ಕಡೆ ಹೊರಳಿದ.

ಭಾನುವಾರ ಬೆಳಿಗ್ಗೆ ಕಟ್ಟೆಗೆ ಬಿಗಿದಿದ್ದ ಮಿಷನ್ ನೋಡಿ ಪಾಪಕ್ಕ, ಹಿಡಿ ಮುಟ್ಟುತ್ತ, ಎಲ್ಲಿಂದ ಹೇಗೆ ತಂದದ್ದೆಂದು ವಿಚಾರಿಸಿದಳು. ಆಮೇಲೆ, "ನಮ್ಮಣ್ಣನ ಬಾಯಿಗೆ ಬೀಗ ಹಾಕಾಕೆ ಸಿರಾಗಂಟ ಹೋಗಿದ್ಯಾ?" ಎಂದಳು. ನಾಮಕರಣದ ಮನೆಯ ಆ ಮಾತು ಅವಳಿಗೂ ಕೇಳಿಸಿತ್ತು. "ಅವನ ಮಾತ್ಗೆ ಕುಣೀಬೇಡ ಕಣಮ್ಮ. ನಿನ್ ಕೈಲಾಗದ್ದು ಮಾಡ್ಬೇಡ."

ಲೋಹಿತಾ ಹಿಡಿ ತಿರುಗಿಸಿದಳು. ಪಾಪಕ್ಕ ಎಡಗೈಯಲ್ಲಿ ತುಂಡುಗಳನ್ನು ಹಾಕುತ್ತ ಹೋದಳು. ಒಳಗೆ ನರ ಕತ್ತರಿಸುವ ಸದ್ದು, ಬಿಲ್ಲೆಯಿಂದ ಕೆಂಪಗೆ ಇಳಿಯುವ ಎಳೆಗಳು, ಹಸಿ ವಾಸನೆ. ಅರ್ಧಕ್ಕೇ ಹಿಡಿ ಬಿಟ್ಟಳು. ಹೊರಗೆ ಓಡಿ ಮುಖಕ್ಕೆ ನೀರು ಹಾಕಿಕೊಂಡು, ಗೋಡೆ ಹಿಡಿದು ನಿಂತಳು. ಒಳಗೆ ಅತ್ತೆ ಎಡಗೈಯಲ್ಲೇ ಹಿಡಿ ಎಳೆಯಲು ಹೆಣಗುತ್ತಿರುವುದು ಕೇಳಿಸಿತು. ವಾಪಸ್ ಬಂದು ಹಿಡಿ ಇಸಿದುಕೊಂಡಳು. ಈ ಸಲ ಕಣ್ಣು ತಿರುಗಿಸಲಿಲ್ಲ. ಮಿಷನ್ ಕದಲಲಿಲ್ಲ, ಕೈಮಾ ತರಿತರಿಯಾಗಿ ತಟ್ಟೆ ತುಂಬಿತು.

ಅಡುಗೆ ಹಿತ್ತಿಲಿಗೆ ಹೋಗಲಿಲ್ಲ. ಉಂಡೆ ಕುದಿದದ್ದು ಒಳಗಿನ ಸ್ಟವ್ವಿನ ಮೇಲೆ. ಪಾಪಕ್ಕ ಫೋನ್ ಮಾಡಿ ಕರೆದಿದ್ದರಿಂದ ಗಂಗಾಧರಯ್ಯ ಬಂದ, ವಾರದ ರಜೆಗೆ ಬಂದಿದ್ದ ಸುರೇಶನ ಪಕ್ಕ ಕೂತು ಮುದ್ದೆ ಮುರಿದ. ಕೊಚ್ಚಿದ್ದು ಯಾರು ಎಂದು ಕೇಳಿದ. ನನ್ ಸೊಸೆ ಎಂದಳು ಪಾಪಕ್ಕ. ಗಂಗಾಧರಯ್ಯ ತಲೆ ಬಗ್ಗಿಸಿ ಉಂಡ, ಸ್ವಲ್ಪ ಹೊತ್ತಿನ ಮೇಲೆ ಇನ್ನೆರಡು ಉಂಡೆ ಹಾಕು ತಾಯಿ ಎಂದ. ಲೋಹಿತಾ ಬಡಿಸಿ, ತಾನು ಮೊಸರನ್ನ ತಿಂದಳು.

ಅವಳ ಚಡಪಡಿಕೆ ಮಾತ್ರ ಇಳಿದಿರಲಿಲ್ಲ. ಚಿಕ್ಕಪ್ಪ ತವರಿನಲ್ಲಿ ಏನು ಹೇಳಿರಬಹುದು, ಅಮ್ಮನ ಫೋನೂ ಇನ್ನು ನಿಂತೇಹೋಯಿತೇನೋ ಎಂದು ಮಿಷನ್ ತೊಳೆಯುತ್ತಿದ್ದಾಗಲೂ ಅದೇ ಯೋಚನೆ. ಆಗಲೇ ಫೋನ್ ಬಂತು. ಕಮಲಾಕ್ಷಮ್ಮ.

"ನಿನ್ನೆ ಚಿಕ್ಕಪ್ಪ ಬಂದಿದ್ರು," ಎಂದಳು ತಾಯಿ. "ನೀನು ಅದೇನೋ ತಗೊಂಡು ಹೋದ್ಯಂತೆ."

ಲೋಹಿತಾ ತೊಳೆಯುತ್ತಿದ್ದ ಬಿಲ್ಲೆಯನ್ನು ಕೆಳಗಿಟ್ಟಳು.

"ಅದರ ಬಾಯೊಳಗೆ ಬೆರಳು ಹಾಕ್ಬಾರದಂತೆ. ಮರದ ಕೋಲಲ್ಲೇ ಒತ್ತಬೇಕಂತೆ. ಅಂಗಡೀಲಿ ಹೇಳೋಕೆ ಆಗ್ಲಿಲ್ಲ, ನೀವೇ ಹೇಳಿ ಅತ್ತಿಗೆ ಅಂದ್ರು." ಕಮಲಾಕ್ಷಮ್ಮ ಅಲ್ಲಿಗೇ ಇಟ್ಟುಬಿಡಲಿಲ್ಲ. ತಡೆದು ಕೇಳಿದಳು, "ನಿಮ್ಮತ್ತೆ ಕೈ ಹೇಗಿದೆ ಈಗ?"

ಈವರೆಗೆ ಅವಳು ಆ ಮನೆಯ ಯಾರನ್ನೂ ವಿಚಾರಿಸಿದ್ದಿಲ್ಲ. ಲೋಹಿತಾ, "ನೀನೇ ಕೇಳಮ್ಮ," ಎಂದು ಫೋನನ್ನು ಅತ್ತೆಯ ಮುಂದೆ ಹಿಡಿದಳು. ಪಾಪಕ್ಕ ಗಾಬರಿಯಿಂದ ಸೆರಗಿಗೆ ಕೈ ಒರೆಸಿಕೊಂಡು, ಎಡಗೈಯಲ್ಲಿ ಫೋನ್ ತಗೊಂಡು, "ಬೀಗ್ರೇ, ಚೆನ್ನಾಗಿದ್ದೀರಾ?" ಎಂದಳು.