ಬೆಲ್ ಒತ್ತಬಾರದ ಬಾಗಿಲು

ನಮ್ಮ ಮನೆಯವರಿಗೆ ಪಾಠ ಹೇಳುವ ಚಟ. ಹೆಸರು ವೀರಣ್ಣ. ಸಂಬಳ ಬರುತ್ತಿದ್ದುದೂ ಅದಕ್ಕೇ ಅನ್ನಿ. ನೆಲದಡಿ ಹೂತ ಗ್ಯಾಸ್ ಪೈಪು ಎಲ್ಲಿದೆಯೆಂದು ಯಂತ್ರ ಹಿಡಿದು ಹುಡುಕಿ, ಮೇಲೆ ಹಳದಿ ಗೆರೆ ಎಳೆಯುವ ಕೆಲಸಗಾರರಿಗೆ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಸುರಕ್ಷತೆಯ ತರಬೇತಿ ಕೊಡುತ್ತಿದ್ದರು. ಊಟಕ್ಕೆ ಕೂತರೂ ಅದೇ ರಗಳೆ.

"ಪೈಪ್ ಒಡೀತಂದ್ರ ಕಡ್ಡಿ ಗೀರಬಾರದು, ಸ್ವಿಚ್ ಮುಟ್ಟಬಾರದು, ಯಾರ ಮನಿ ಬೆಲ್ಲೂ ಒತ್ತಬಾರದು. ಒಂದು ಕಿಡಿ ಸಾಕು, ಮನೀನ ಹಾರಿ ಹೋಗ್ತದ. ಬಾಗಲಾ ಬಡದ ಕರೀಬೇಕು."

"ಹೂಂ ಮಾಸ್ತರ್ರೆ, ರೊಟ್ಟಿ ಆರ್ತದ ಉಣ್ರಿ" ಎನ್ನುತ್ತಿದ್ದೆ ನಾನು.

ಎಂಬತ್ತಾರನೇ ಇಸವಿಯಲ್ಲಿ ಗುಲಬರ್ಗಾದಿಂದ ನಮ್ಮತ್ತೆ ಶರಣವ್ವ ಬಂದರು. ಅಲ್ಲೇ ಹತ್ತಿರದ ಮಾರ್ಗನ್ ಹಿಲ್‌ನ ನಮ್ಮ ಮನೆಯಲ್ಲಿ ಹಗಲೆಲ್ಲ ಒಬ್ಬರೇ. ಇಂಗ್ಲಿಷಿನ ಗಂಧವಿಲ್ಲ. ಸರಿ, ಅವರಿಗೂ ತರಬೇತಿ ಶುರುವಾಯಿತು.

"ಅವ್ವಾ, ನಾವಿಲ್ಲದಾಗ ಯಾರರೆ ಬಾಗಲಾ ಬಡದ್ರ ತೆಗೀಬ್ಯಾಡ. ಲೈಟ್ ಹಾಕಬ್ಯಾಡ, ಪಿಟ್ಟೆನ್ನಬ್ಯಾಡ. ಮನ್ಯಾಗ ಯಾರೂ ಇಲ್ಲ ಅನಸಬೇಕು. ನಾವ ಬಂದ್ರ ಮೂರ ಸಲ ಬೆಲ್ ಒತ್ತತೀವಿ. ಆವಾಗಷ್ಟ ಸರಪಳಿ ತೆಗಿ."

ಬಾಯಿಪಾಠ ಒಪ್ಪಿಸುವವರೆಗೂ ಬಿಡಲಿಲ್ಲ. ಮುದುಕಿಯನ್ನು ಇಷ್ಟು ಹೆದರಿಸಬೇಡಿ ಎಂದರೆ ನನ್ನ ಮಾತಿಗೆ ಕಿಮ್ಮತ್ತೆಲ್ಲಿ?

ನವೆಂಬರಿನ ಒಂದು ಸಂಜೆ ನಾವಿಬ್ಬರೂ ಕೆಲಸ ಮುಗಿಸಿ ಒಂದೇ ಕಾರಿನಲ್ಲಿ ಬಂದರೆ ಬೀದಿಗೆ ಅಡ್ಡಲಾಗಿ ಪೊಲೀಸರ ಪಟ್ಟಿ ಕಟ್ಟಿತ್ತು. ನೀರಿನ ಕೊಳವೆಗೆಂದು ನೆಲ ಅಗೆಯುತ್ತಿದ್ದ ಯಂತ್ರ ನಮ್ಮ ಮನೆಯ ಮುಂದೆಯೇ ಗ್ಯಾಸ್ ಪೈಪನ್ನು ಸೀಳಿತ್ತು. ಪೈಪು ಪ್ಲಾಸ್ಟಿಕ್ಕಿನದು, ಯಂತ್ರಕ್ಕೆ ಸುಳಿವು ಸಿಗಲೆಂದು ಜೊತೆಗೆ ಹೂಳಬೇಕಾದ ತಂತಿಯನ್ನು ಹಿಂದೆ ಯಾರೋ ಹೂತಿರಲಿಲ್ಲ. ಹಾಗಾಗಿ ಹುಡುಕುವ ಯಂತ್ರಕ್ಕೆ ಅದು ಸಿಕ್ಕಿರಲಿಲ್ಲ. ಹಳದಿ ಗೆರೆ ಎಲ್ಲೋ ಬಿದ್ದಿತ್ತು. ಗೆರೆ ಎಳೆದವನು ನಮ್ಮವರ ಹತ್ತಿರವೇ ಕಲಿತವನು.

ಗ್ಯಾಸು ಭೋರೆಂದು ನುಗ್ಗುವ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅಗ್ನಿಶಾಮಕದವನೊಬ್ಬ ಬಂದು ಎಲ್ಲ ಮನೆ ಖಾಲಿ ಮಾಡಿಸಿದ್ದಾಯಿತು ಎಂದ. ನಮ್ಮ ಮನೆಯತ್ತ ಕೈ ತೋರಿಸಿ, ಅಲ್ಲಿ ಎಷ್ಟು ಬಡಿದರೂ ಉತ್ತರವಿಲ್ಲ, ಒಳಗೆ ಯಾರೂ ಇಲ್ಲ ಎಂದ.

"ಅದಾಳ! ನಮ್ಮವ್ವ ಒಳಗ ಅದಾಳ!" ಇವರ ಬಾಯಿಂದ ಮೊದಲು ಕನ್ನಡವೇ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಕೂಗಿ ಕೀಲಿ ಕೊಟ್ಟರು. ಅವನು ಹೋದ, ಹಾಗೇ ಓಡಿ ಬಂದ. ಕೀಲಿ ತೆರೆದಿತ್ತು, ಒಳಗಿನ ಸರಪಳಿ ಬಿಡಲಿಲ್ಲ. ಅದನ್ನು ಹಾಕಿಸಿದವರೂ ಇವರೇ. ಕತ್ತರಿಸುವ ಸಲಕರಣೆ ತರಲು ಅವನು ಲಾರಿಯತ್ತ ಹೋದ. ಪಟ್ಟಿ ದಾಟಲು ಹೊರಟ ಇವರನ್ನು ಪೊಲೀಸಿನವನು ರಟ್ಟೆ ಹಿಡಿದು ನಿಲ್ಲಿಸಿದ.

ಹೊತ್ತು ಗುಡ್ಡದ ಹಿಂದೆ ಇಳಿಯುತ್ತಿತ್ತು.

"ದೀಪಾ ಹಚ್ಚೋ ಹೊತ್ತು" ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು. ನನಗೆ ಗೊತ್ತಿರಲಿಲ್ಲವೇ? ಅತ್ತೆ ಊಟ ಬಿಟ್ಟಾರು, ಸಂಜೆಯ ದೀಪ ಬಿಡುವವರಲ್ಲ. ಮೂರು ಸಲ ಬೆಲ್ ಒತ್ತಿದರೆ ತಾವಾಗಿಯೇ ಹೊರಗೆ ಬರುತ್ತಿದ್ದರು. ಒತ್ತುವಂತಿಲ್ಲ. ಇವರು ನನ್ನ ಕೈ ಹಿಡಿದುಕೊಂಡಿದ್ದರು. ಹೆಬ್ಬೆರಳು ನನ್ನ ಅಂಗೈಯನ್ನು ಒತ್ತುತ್ತಿತ್ತು. ಮೂರು ಸಲ, ಬಿಟ್ಟು ಮತ್ತೆ ಮೂರು ಸಲ. ಇವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ನನ್ನಿಂದ ಏನು ಮಾಡಲಾದೀತು? ಕೈ ಕೊಟ್ಟು ನಿಂತೆ.

ಕೊನೆಗೂ ಸರಪಳಿ ತುಂಡಾಯಿತು. ಅಗ್ನಿಶಾಮಕದ ಇಬ್ಬರು ಅತ್ತೆಯನ್ನು ಎತ್ತಿಕೊಂಡೇ ಬಂದರು. ಅತ್ತೆ ಕೈಕಾಲು ಬಡಿಯುತ್ತಿದ್ದರು. ಮುಷ್ಟಿಯಲ್ಲಿ ಕಡ್ಡಿಪೆಟ್ಟಿಗೆ. ಮಗನನ್ನು ಕಂಡದ್ದೇ ಗಟ್ಟಿಯಾಗಿ ಅತ್ತುಬಿಟ್ಟರು.

"ಏನೋ ನಾತ ಬಂತೋ ಯಪ್ಪಾ, ಸಪ್ಪಳ ಬಂತು. ದೀಪಾ ಹಚ್ಚಬೇಕಂತ ಕಡ್ಡಿ ತಗದಿದ್ದೆ, ಅಷ್ಟರಾಗ ಬಾಗಲಾ ಬಡದ್ರು. ಬೆಳಕ ಕಂಡ್ರ ಒಳಗ ಮಂದಿ ಅದಾರಂತ ಗೊತ್ತಾಗ್ತದಲ್ಲ? ಗೀರಲಿಲ್ಲ. ಕತ್ತಲಾಗ ಪಿಟ್ಟೆನ್ನದ ಕುಂತೆ."

ಇವರು ತಾಯಿಯ ಮುಂದೆ ನೆಲದ ಮೇಲೆ ಕೂತು ಆ ಮುಷ್ಟಿ ಬಿಡಿಸಿ ಕಡ್ಡಿಪೆಟ್ಟಿಗೆ ತೆಗೆದುಕೊಂಡರು. ಅತ್ತೆ ಬಗ್ಗಿ ಅವರ ಗದ್ದ ಎತ್ತಿ ಹಿಡಿದರು.

"ನೀ ಕಲಿಸಿದಂಗ ಬರೋಬ್ಬರಿ ಮಾಡೀನಿ ಹೌದಲ್ಲೋ?"

ಯಾವುದಕ್ಕೂ ಉತ್ತರಿಸಲು ತಡವರಿಸದ ಮಾಸ್ತರರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಅತ್ತೆಯನ್ನು ಒಳಗೆ ಕೂಡಿಹಾಕಿದ್ದೂ ಇವರ ಪಾಠವೇ, ಕಡ್ಡಿ ಗೀರದಂತೆ ತಡೆದದ್ದೂ ಅದೇ ಪಾಠ.